ಮಲ್ಲಣ್ಣನಿಗೆ ಬ್ಯಾನಿ ಹತ್ತಿದ್ದು

ಮೊನ್ನೆ ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ಕೆರೂರಿನ ಹೆಣ್ಣುಮಗಳೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ನನಗೆ ಬಂದಿದ್ದ ರಕ್ತದ ಕ್ಯಾನ್ಸರೇ ಅವಳ ತಮ್ಮನಿಗೂ ಬಂದಿದೆ. ಅವನಿಗೆ ರಕ್ತ ಹುಟ್ಟಿಸುವ ಕೋಶ ಕೊಡಲು ಇವಳದೇ ಹೊಂದಿದೆ. "ಅಕ್ಕಾರ, ಖರೆ ಹೇಳ್ರಿ, ಕೊಟ್ಟವರು ಮುಂದ ಕುಂಟ ಆಗ್ತಾರಂತಲ್ರಿ? ಬೆನ್ನೆಲುಬಿಗೆ ತೂತು ಹಾಕ್ತಾರಂತಲ್ಲ?" ಎಂದು ಕೇಳಿದಳು. ನಮ್ಮ ಡ್ರೈವರ್ ಆಗಲೇ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. "ಯಾರವ್ವ ನಿನಗ ಹಂಗ ಹೇಳಿದ್ದು? ಅವರ ನಾಲಿಗಿಗೆ ತೂತು ಹಾಕಬೇಕು ಮೊದ್ಲ" ಎಂದು ಬೈದು, ನನಗೆ ಕೊಟ್ಟವನ, ಅಂದರೆ ನನ್ನ ಅಣ್ಣನ ನಂಬರು ಹೇಳಿ ಬಸ್ ಹತ್ತಿದೆ. ಹತ್ತಿದ ಮೇಲೆ ಚಿಂತೆಯಾಯಿತು. ಅಣ್ಣ ಫೋನಿನಲ್ಲಿ ತನ್ನ ಪೈಲ್ವಾನಗಿರಿಯನ್ನಷ್ಟೇ ಹೇಳುತ್ತಾನೆ, ನರಳಿದ್ದನ್ನು ಹೇಳುವ ಪೈಕಿಯಲ್ಲ. ಅದಕ್ಕೆ ನಾನೇ ಬರೆಯಲು ಕುಳಿತಿದ್ದೇನೆ.

ನಾನು ಶೋಭಾ, ಬಸ್ ಕಂಡಕ್ಟರ್. ಇಳಕಲ್ಲಿನಿಂದ ಹುನಗುಂದ, ಅಮೀನಗಡ ಹಿಡಿದು ಬಾಗಲಕೋಟೆಗೆ ಹೋಗಿ ಬರುವುದು ನನ್ನ ಕೆಲಸ. ಬಾಯಿ ಜೋರು. ಈ ಲೈನಿನಲ್ಲಿ ಬಾಯಿ ಜೋರಿಲ್ಲದವಳು ಒಂದು ಟ್ರಿಪ್ಪೂ ಮಾಡಲಾರಳು, ಸಂಜೆಯ ಬಸ್ಸಿನ ಬಾಗಿಲಲ್ಲಿ ಒಮ್ಮೆ ನಿಂತು ನೋಡಿ.

ಜಡ್ಡು ಶುರುವಾದದ್ದು ಆ ಬಾಯಿಯಿಂದಲೇ. ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು. ಪೇಸ್ಟ್ ಸರಿ ಇಲ್ಲವೆಂದು ಪೇಸ್ಟ್ ಬದಲಿಸಿದೆ. ಟಿಕೆಟ್ ಬ್ಯಾಗಿನ ಪಟ್ಟಿ ಒತ್ತಿದಲ್ಲೆಲ್ಲ ಹೆಗಲು ನೀಲಿಗಟ್ಟಿತು. ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ, ಅದೂ ನೀಲಿಯಾಯಿತು. ಒಂದು ದಿನ ಅಮೀನಗಡದಲ್ಲಿ ಜನ ಹತ್ತಿದರು, ನನಗೆ "ಯಾರ್ರೀ ಟಿಕೆಟ್" ಎಂದು ಕೂಗಲು ದಮ್ಮೇ ಸಾಲಲಿಲ್ಲ. ದಿನಾ ಬರುವ ಮೇಷ್ಟ್ರೊಬ್ಬರು, "ಬಾಯಾರ, ಇವತ್ತ ಒಬ್ಬರಿಗೂ ಬೈದಿಲ್ಲಲ್ಲ, ಆರಾಮ ಅದೀರಿಲ್ಲೋ?" ಎಂದರು. ಬಸ್ಸೆಲ್ಲ ನಕ್ಕಿತು. ನನಗೆ ಮಾತ್ರ ಒಳಗೇ ಹೆದರಿಕೆಯಾಯಿತು.

ಬಾಗಲಕೋಟೆಯ ದವಾಖಾನೆಯಲ್ಲಿ ರಕ್ತ ತೆಗೆದವನು ಸ್ವಲ್ಪ ಹೊತ್ತಿಗೆ ತಿರುಗಿ ಬಂದು, "ಇನ್ನೊಮ್ಮೆ ತಗೋಬೇಕ್ರಿ" ಎಂದ. ಅವನು ನನ್ನ ಮುಖ ನೋಡಲಿಲ್ಲ. ಅಲ್ಲಿಗೆ ಅರ್ಧ ತಿಳಿಯಿತು. ಡಾಕ್ಟರು ಒಳಗೆ ಕರೆದು, "ಜೊತಿಗೆ ಯಾರ ಬಂದಾರ್ರಿ?" ಎಂದು ಕೇಳಿದರು. ನನ್ನ ಗಂಡ ಈರಣ್ಣ ಟೇಲರ್, ಅಂದು ಅಂಗಡಿಯಲ್ಲಿದ್ದ. "ಜಡ್ಡು ನಂದೈತ್ರಿ, ನನಗ ಹೇಳ್ರಿ" ಎಂದೆ. ಹೇಳಿದರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಸಂಜೆಯ ಇಳಕಲ್ ಟ್ರಿಪ್ಪಿಗೆ ಯಾರು ಹೋಗುತ್ತಾರೆ? ಪಕ್ಕದಲ್ಲಿ ಕುಳಿತಿದ್ದ ಮುದುಕಿ ನನ್ನ ಊರು ಓಣಿ ಏನೂ ಕೇಳದೆ, ಸೆರಗಿನ ಗಂಟು ಬಿಚ್ಚಿ ಒಂದು ಪೆಪ್ಪರ್‌ಮಿಂಟು ಕೈಗಿಟ್ಟಳು. ಅದನ್ನು ಚೀಪುತ್ತಾ ಈರಣ್ಣನಿಗೆ ಫೋನ್ ಮಾಡಿದೆ.

ಆಮೇಲೆ ಬೆಂಗಳೂರು. ಔಷಧಿ, ವಾಂತಿ, ಕೂದಲು ಉದುರಿದ್ದು, ಇವನ್ನೆಲ್ಲ ಬಹಳ ಮಂದಿ ಹೇಳಿದ್ದಾರೆ, ನಾನು ಹೊಸದಾಗಿ ಹೇಳುವಂಥದ್ದಿಲ್ಲ. ತಲೆ ಬೋಳಾದಾಗ ಈರಣ್ಣ ಇಳಕಲ್ ಸೀರೆಯ ತುಂಡಿನಲ್ಲಿ ಟೊಪ್ಪಿಗೆ ಹೊಲಿದುಕೊಟ್ಟ. ವಾರ್ಡಿನ ಹೆಂಗಸರೆಲ್ಲ ನಮಗೂ ಬೇಕೆಂದು ಗಂಟುಬಿದ್ದರು.

ಜಡ್ಡು ಹಿಡಿತಕ್ಕೆ ಬಂದ ಮೇಲೆ ಡಾಕ್ಟರಮ್ಮ ಮುಂದಿನದನ್ನು ಹೇಳಿದರು. ಅವರು ಮೈಸೂರು ಕಡೆಯವರು, ಮಾತು ಪುಸ್ತಕ ಓದಿದ ಹಾಗೆ. "ಇಷ್ಟಕ್ಕೇ ಬಿಟ್ಟರೆ ಕಾಯಿಲೆ ವಾಪಸ್ ಬರುತ್ತೆ ಶೋಭಾ. ರಕ್ತ ಹುಟ್ಟಿಸೋ ಕಾಂಡಕೋಶಗಳನ್ನ ಬೇರೆಯವರಿಂದ ತಗೊಂಡು ನಿಮಗೆ ಹಾಕಬೇಕು. ಒಡಹುಟ್ಟಿದವರು ಇದ್ದಾರಾ?"

ಇದ್ದವನು ಒಬ್ಬನೇ, ಮಲ್ಲಣ್ಣ. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಬಂಡೆಗೆ ತೂತು ಕೊರೆಯುವ ಮಷಿನ್ ನಡೆಸುತ್ತಾನೆ. ಹರೆಯದಲ್ಲಿ ಕುಸ್ತಿ ಹಿಡಿದವನು, ಇವತ್ತಿಗೂ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರುವುದಿಲ್ಲ. ಅವನ ರಕ್ತ ನೋಡಿ ಹತ್ತಕ್ಕೆ ಹತ್ತೂ ಹೊಂದಿದೆ ಎಂದರು. ಸುದ್ದಿ ಕೇಳಿ ಅವ್ವ, "ಇವನ ಲಗ್ನದಾಗ ಜಾತಕಾನೂ ಇಷ್ಟ ಕೂಡಿದ್ದಿಲ್ಲ" ಎಂದಳು. ನೀಲಾ ವೈನಿ, ಅಣ್ಣನ ಹೆಂಡತಿ, ನಗಲಿಲ್ಲ.

ವೈನಿಗೆ ಓಣಿಯವರು ಆಗಲೇ ಎಲ್ಲ ಹೇಳಿಟ್ಟಿದ್ದರು. ಬೆನ್ನೆಲುಬಿಗೆ ಬಡಗಿಯ ಬರಮಾ ಇಟ್ಟು ತೂತು ಹಾಕುತ್ತಾರೆ, ಒಳಗಿನ ನೀರು ಹೀರುತ್ತಾರೆ, ಆ ಮನುಷ್ಯ ಮುಂದೆ ಒಂದು ಕೊಡ ನೀರು ಎತ್ತಲಾರ. ಅಣ್ಣನಿಗಂತೂ ದಿನವಿಡೀ ಬಂಡೆ ಕೊರೆದು ಕೊರೆದು, ಕಣ್ಣು ಮುಚ್ಚಿದರೆ ಅದೇ ಮಷಿನ್ ತನ್ನ ಬೆನ್ನಿಗೆ ಬರುವುದು ಕಾಣುತ್ತಿತ್ತಂತೆ. ವೈನಿ ನನ್ನ ಎದುರಿಗೇ ಕೇಳಿದಳು: "ಶೋಭಾ, ನಿನಗ ಆರಾಮ ಆಗಬೇಕು, ಖರೆ. ಆದರ ಇವರಿಗೆ ಏನಾರ ಆದ್ರ ನಾ ಯಾರ ಮಾರಿ ನೋಡ್ಲಿ?" ನನಗೆ ಸಿಟ್ಟು ನೆತ್ತಿಗೇರಿತು. ಏರಿದ ಸಿಟ್ಟು ಹಾಗೇ ಇಳಿಯಿತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಡಾಕ್ಟರಮ್ಮ ಅಣ್ಣ ವೈನಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಬರಮಾ ಇಲ್ಲ, ತೂತು ಇಲ್ಲ. ಕೆಲವು ದಿನ ಚರ್ಮದ ಕೆಳಗೆ ಒಂದು ಇಂಜೆಕ್ಷನ್. ಅದು ಬೆಳವಣಿಗೆ ಹೆಚ್ಚಿಸುವ ಔಷಧಿ. ಎಲುಬಿನೊಳಗೆ ಕುಳಿತ ಆ ಕೋಶಗಳು ಅದರಿಂದ ಹೆಚ್ಚಾಗಿ, ಜಾಗ ಸಾಲದೆ ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಕೈಯ ನರದಿಂದ ರಕ್ತ ತೆಗೆದು ಮಷಿನ್ನಿನಲ್ಲಿ ಸೋಸಿ, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅವನಿಗೇ ವಾಪಸು ಕೊಡುತ್ತಾರೆ.

"ಬೆಳವಣಿಗಿ ಅಂದ್ರ ನಾ ಇನ್ನೂ ಎತ್ತರ ಆಗ್ತೇನೇನ್ರಿ ಮೇಡಮ್ಮಾರ?" ಅಣ್ಣ ಕೇಳಿದ.

"ಇಲ್ಲಪ್ಪ, ಇರೋದೇ ಸಾಕು" ಎಂದರು ಅವರು.

ವೈನಿ ಮಾತ್ರ ಪಟ್ಟು ಬಿಡಲಿಲ್ಲ. ಮುಂದೆ ಏನಾಗುತ್ತದೆ, ಏನಾಗಬಹುದು, ಆದರೆ ಯಾರು ನೋಡುತ್ತಾರೆ, ಎಲ್ಲ ಕೇಳಿದಳು. ಮೂಳೆ ನೋವು, ತಲೆನೋವು ಬರುತ್ತದೆ, ಇಂಜೆಕ್ಷನ್ ನಿಂತ ಮೇಲೆ ಹೋಗುತ್ತದೆ. ತೀರಾ ಅಪರೂಪಕ್ಕೆ ಬೇರೆ ತೊಂದರೆ ಬರಬಹುದು, ಅದಕ್ಕೇ ಮೊದಲೇ ಎಲ್ಲ ಪರೀಕ್ಷೆ ಮಾಡಿದ್ದೇವೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಎಲ್ಲ ಕೇಳಿ ಮುಗಿದ ಮೇಲೆ ವೈನಿ, "ಆಗಲಿ. ಸೂಜಿ ಹಾಕೂವಾಗ ನಾ ಬಾಜೂಕ ಇರ್ತೇನಿ" ಎಂದಳು. ನಾನು ಆವತ್ತು ಊಟ ಮಾಡಿದೆ. ಬಹಳ ದಿನದ ಮೇಲೆ ಅನ್ನ ಅನ್ನದ ಹಾಗೆ ರುಚಿಸಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅಣ್ಣನ ಕೋಶ ನನ್ನೊಳಗೆ ಬರುವ ಮುಂಚೆ ನನ್ನ ಎಲುಬಿನೊಳಗಿನ ಹಳೆಯ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಸುಡುತ್ತಾರೆ. ಅದು ಶುರುವಾದರೆ ಹಿಂದಕ್ಕೆ ದಾರಿಯಿಲ್ಲ. ಸುಟ್ಟ ಮೇಲೆ ಕೊಡುವವನು ಬರಲಿಲ್ಲವೆಂದರೆ, ಆ ದೇಹದಲ್ಲಿ ರಕ್ತ ಹುಟ್ಟುವುದಿಲ್ಲ, ಅಷ್ಟೇ. ನನ್ನನ್ನು ಗಾಜಿನ ಕೋಣೆಗೆ ಹಾಕಿ ಔಷಧಿ ಶುರುಮಾಡಿದರು. ಅಣ್ಣ ಬೆಂಗಳೂರಿನಲ್ಲೇ ಇರಲಿ ಎಂದು ಡಾಕ್ಟರಮ್ಮನ ಆಸೆ. ಪೈಲ್ವಾನನಿಗೆ ಸೂಜಿ ಎಂದರೆ ಪ್ರಾಣಭಯ. ಮೊದಲ ಸೂಜಿಗಳು ಇಳಕಲ್ಲಿನಲ್ಲಿ, ಪರಿಚಯದ ಸಿಸ್ಟರ್ ಕೈಯಿಂದಲೇ ಆಗಬೇಕೆಂದು ಹಟ ಹಿಡಿದ. ಅಲ್ಲಿನ ಡಾಕ್ಟರರ ಕಣ್ಗಾವಲಿನಲ್ಲಿ ಎರಡು ದಿನ ಮಾತ್ರ, ಆಮೇಲೆ ಇಲ್ಲಿಗೆ ಎಂದು ಒಪ್ಪಿದರು. ಔಷಧಿಯನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ದು ವೈನಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟಳು.

ಮೊದಲ ಸೂಜಿಯಾದ ಮೇಲೆ ಅಣ್ಣನ ಫೋನ್ ಬಂತು. "ಏನಿಲ್ಲವಾ ಶೋಭೀ, ಇರಿವಿ ಕಚ್ಚಿದಂಗ." ಅವನ ಧೈರ್ಯ ಕೇಳಿ ಅವ್ವ ಖುಷಿಯಾಗಿ, ನನ್ನ ಹೆಸರಿನ ಹರಕೆ ಹೊತ್ತು ಶನಿವಾರದ ದರ್ಶನಕ್ಕೆ ತುಳಸಿಗೇರಿ ಹನುಮಪ್ಪನ ಹತ್ತಿರ ಹೋದಳು. ಅವಳು ಫೋನ್ ಇಟ್ಟುಕೊಳ್ಳುವುದಿಲ್ಲ. "ದೇವರ ಮುಂದ ಅದು ಒದರಿದ್ರ?" ಎನ್ನುತ್ತಾಳೆ.

ಆ ಶನಿವಾರ ಬೆಳಿಗ್ಗೆ ಔಷಧಿ ತನ್ನ ಕೆಲಸ ತೋರಿಸಿತು. ಅಣ್ಣ ಮತ್ತೆ ಫೋನ್ ಮಾಡಿದ, ಆದರೆ ಅದು ಅವನ ದನಿಯೇ ಅಲ್ಲ. "ಶೋಭೀ, ಸೊಂಟ, ತೊಡಿ, ಎದಿ ಎಲುಬು... ಒಳಗ ಯಾರೋ ಕುಂತ ಬಂಡಿ ಒಡದಂಗ ಆಗತೈತವಾ. ಗುಳಿಗಿ ತಗೊಂಡೇನಿ, ತಡೀವಲ್ದು. ಇನ್ನೊಂದು ಸೂಜಿ ನನ್ನ ಕಡಿಂದ ಆಗೂದಿಲ್ಲ."

ಊರಿಗೆಲ್ಲ ಬೈಯುವವಳು ನಾನು. ಆವತ್ತು, "ಆಗಲಿ ಅಣ್ಣಾ" ಎಂದು ಫೋನ್ ಇಟ್ಟೆ. ಆಗಲಿ ಅಂತೆ! ಏನು ಆಗಲಿ? ನನ್ನ ಮಜ್ಜೆ ಆಗಲೇ ಸುಟ್ಟಾಗಿತ್ತು. ಗಾಜಿನ ಆಚೆ ಈರಣ್ಣ ನಿಂತಿದ್ದ. ನನ್ನ ಮುಖ ನೋಡಿಯೇ ಡಾಕ್ಟರಮ್ಮನ ಹತ್ತಿರ ಓಡಿದ. ಅವರು ಫೋನ್ ಹಚ್ಚಿದರೆ ಅಣ್ಣ ಬಂದ್ ಮಾಡಿ ಮಲಗಿದ್ದ. ವೈನಿಯ ಫೋನ್ ಹತ್ತುತ್ತಿರಲಿಲ್ಲ. ಸಾಯಲು ನನಗೆ ಮನಸ್ಸಿರಲಿಲ್ಲ. ಇದನ್ನು ನೇರವಾಗಿಯೇ ಬರೆಯುತ್ತೇನೆ, ನನ್ನಂಥವರು ಯಾರಾದರೂ ಓದುತ್ತಿದ್ದರೆ ಅವರಿಗೂ ಇದೇ ಅನ್ನಿಸಿರುತ್ತದೆ. ವೇದಾಂತ ಗೀದಾಂತ ಒಂದೂ ನೆನಪಾಗಲಿಲ್ಲ. ಹನುಮಪ್ಪನಿಗೂ ಬೈದೆ.

ಇಳಕಲ್ಲಿನಲ್ಲಿ ಆದದ್ದು ಆಮೇಲೆ ತಿಳಿಯಿತು. ವೈನಿಯ ಫೋನ್ ಹತ್ತದಿರಲು ಕಾರಣ, ಅವಳು ಅವ್ವನನ್ನು ಕರೆಸಲು ಸಿಕ್ಕ ಸಿಕ್ಕವರಿಗೆಲ್ಲ ಫೋನ್ ಮಾಡುತ್ತಿದ್ದಳು. ಕೊನೆಗೆ ನನ್ನ ಜೊತೆಯ ಕಂಡಕ್ಟರ್ ಒಬ್ಬ ಸಿಕ್ಕ. ವೈನಿ ಗಾಬರಿಯಲ್ಲಿ, "ನಮ್ಮ ಮನಿಯವರಿಗೆ ಬ್ಯಾನಿ ಹತ್ಯಾವ, ಅತ್ತೀನ ಲಗೂನ ಕಳಸ್ರಿ" ಎಂದುಬಿಟ್ಟಳು.

ನಮ್ಮ ಕಡೆ ಬ್ಯಾನಿ ಎಂದರೆ ಯಾವ ಜಡ್ಡೂ ಆಗುತ್ತದೆ, ಯಾವ ನೋವೂ ಆಗುತ್ತದೆ. ಆದರೆ ಬ್ಯಾನಿ ಹತ್ತಿದವು ಎಂದರೆ ಒಂದೇ ಅರ್ಥ. ಹೆರಿಗೆ ನೋವು. ವೈನಿಗೆ ಅದು ಗೊತ್ತಿಲ್ಲವೆಂದಲ್ಲ. ಗಂಡ ಸೊಂಟ ಹಿಡಿದುಕೊಂಡು, ಬಂದು ಹೋಗುವ ನೋವಿಗೆ ಹೊರಳಾಡುವುದನ್ನು ನೋಡಿ ಬಾಯಿಗೆ ಅದೇ ಬಂತು. ಇಳಕಲ್ ನಿಲ್ದಾಣದಿಂದ ಬಾಗಲಕೋಟೆ ನಿಲ್ದಾಣಕ್ಕೆ, ಅಲ್ಲಿಂದ ತುಳಸಿಗೇರಿ ಕಡೆ ಹೋಗುವ ಬಸ್ಸಿಗೆ ಸುದ್ದಿ ದಾಟಿತು. ನಮ್ಮ ಸಾರಿಗೆ ಮಂದಿ ಬುದ್ಧಿವಂತರು. ಗಂಡಸಿಗೆ ಎಲ್ಲಿಯಾದರೂ ಬ್ಯಾನಿ ಹತ್ತುತ್ತವೆಯೇ ಎಂದು ನಡುವೆ ಯಾರೋ ತಿದ್ದಿದರು. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಅವ್ವನ ಕಿವಿಗೆ ಬಿದ್ದದ್ದು, "ಯಮ್ಮಾ, ನಿನ್ನ ಸೊಸಿಗೆ ಬ್ಯಾನಿ ಹತ್ಯಾವಂತ, ಲಗೂನ ಏಳು."

ವೈನಿಗೆ ನಲವತ್ತು ದಾಟಿದೆ. ಆದರೂ ಅವ್ವ ನಂಬಿದಳು! ಸೊಸೆ ತುಂಬಿದ ಮೈಯವಳು, ಬಸುರಾಗಿದ್ದರೂ ಕಾಣಲಿಕ್ಕಿಲ್ಲ, ಮನೆಯಲ್ಲಿ ಮಗಳ ಸಂಕಟ ನಡೆದಿರುವಾಗ ಹೇಳಲು ನಾಚಿ ಮುಚ್ಚಿಟ್ಟಿದ್ದಾಳೆ ಎಂದು ತಾನೇ ಲೆಕ್ಕ ಕೂಡಿಸಿಕೊಂಡಳು. ಬಸ್ಸಿನಲ್ಲಿ ಅಳುತ್ತಲೇ ಬಂದಳಂತೆ. ಅಮೀನಗಡದಲ್ಲಿ ಬಸ್ ನಿಂತಾಗ ಇಳಿದು, ಕರದಂಟಿನ ಅಂಗಡಿಯಲ್ಲಿ ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿಸಿಕೊಂಡಳು. ಕಂಡಕ್ಟರ್ ಬಸ್ ನಿಲ್ಲಿಸಿಕೊಂಡು ಕಾದ. ಹೆರಿಗೆ ವಿಷಯ, ಯಾರೂ ತಕರಾರು ಮಾಡಲಿಲ್ಲ.

ಮನೆಗೆ ಬಂದು ನೋಡಿದರೆ ಸೊಸೆ ನೆಟ್ಟಗೆ ನಿಂತು ಬಿಸಿನೀರು ಕಾಸುತ್ತಿದ್ದಾಳೆ. ಮಂಚದ ಮೇಲೆ ಮೀಸೆಯ ಮಗ, "ಯವ್ವಾ, ಸತ್ತೆನಬೇ" ಎಂದು ನರಳುತ್ತಿದ್ದಾನೆ.

"ನೀಲವ್ವಾ, ಬ್ಯಾನಿ ನಿನಗಲ್ಲ?"

"ನನಗ ಯಾಕ ಹತ್ತಾವ್ರಿ ಅತ್ತಿ? ಇವರಿಗೆ. ಇನ್ನ ಸೂಜಿ ಒಲ್ಲೆ ಅನ್ನಾಕತ್ತಾರ. ಸಾಕ ಬಿಡ್ರಿ ಅಂತ ನಾನೂ ಅಂದೇನಿ."

ಅವ್ವ ಉಂಡಿಯ ಪೊಟ್ಟಣ ಹಿಡಿದುಕೊಂಡು ಅಲ್ಲೇ ಕುಸಿದು ಕುಳಿತು ನಗತೊಡಗಿದಳಂತೆ. ನಕ್ಕು ನಕ್ಕು ಕಣ್ಣೀರು ಬಂದು, ಆ ಕಣ್ಣೀರು ಅಳುವಿಗೆ ತಿರುಗಿತು. "ಮಗಳ ಚಿಂತ್ಯಾಗ ಸೊಸಿ ಮಾರೀನೂ ನಾ ಸರಿಯಾಗಿ ನೋಡಿಲ್ಲ ಅಂತ ತುಳಸಿಗೇರಿಯಿಂದ ಅಳಕೋತ ಬಂದೇನವಾ" ಎಂದು ವೈನಿಯ ಕೈ ಹಿಡಿದಳು. ವೈನಿ ಇದನ್ನು ನನಗೆ ಹೇಳುವಾಗ, "ನನ್ನ ಸಲುವಾಗಿ ಆ ಮನ್ಯಾಗ ಯಾರರೆ ಅತ್ತದ್ದು ಅದ ಮೊದಲು, ಶೋಭಾ" ಎಂದಳು. ನಾನು ತಲೆ ತಗ್ಗಿಸಿದೆ.

ಆಮೇಲೆ ಅವ್ವ ಎದ್ದು ಅಣ್ಣನ ಮುಂದೆ ನಿಂತಳು. "ಏಳೋ ಮಲ್ಲ್ಯಾ. ಬ್ಯಾನಿ ಹತ್ತಿದ ಮ್ಯಾಲೆ ನಡುವ ಎದ್ದು ಒಲ್ಲೆ ಅಂದ ಹೆಂಗಸನ್ನ ನೀ ಕಂಡೀಯೇನು? ನಿನ್ನ ಹಡಿಯಾಕ ನಾ ಎಷ್ಟ ಬ್ಯಾನಿ ತಿಂದೇನಿ, ಗೊತ್ತೈತೇನು? ಅರ್ಧಕ್ಕ ಸಾಕು ಅಂದಿದ್ರ ನೀ ಎಲ್ಲಿರ್ತಿದ್ದಿ, ಪೈಲ್ವಾನ? ನಿಮ್ಮ ತಂಗೀನ ಒಮ್ಮಿ ನಾ ಹಡದೇನಿ. ಈಗ ನಿನ್ನ ಪಾಳಿ. ಬಾಯಿ ತಗಿ." ಬಾಯಿ ತೆರೆದದ್ದೇ ತಡ, ಒಂದು ಅಂಟಿನ ಉಂಡಿ ತುರುಕಿದಳು.

ಅಣ್ಣ ಅಗಿಯುತ್ತಾ ಅಗಿಯುತ್ತಾ ಎದ್ದು ಕುಳಿತ. ಆಮೇಲೆ ಅಂಗಿ ಹಾಕಿಕೊಂಡ. ವೈನಿಯೇ ಫ್ರಿಜ್ಜಿನಿಂದ ಔಷಧಿ ತೆಗೆದಳು.

ಕೊನೆಗೆ ನನ್ನ ಫೋನ್ ಹೊಡೆದುಕೊಂಡಿತು. ವೈನಿ. "ಸೂಜಿ ಆತವಾ ಶೋಭಾ. ಬೆಂಗಳೂರ ಬಸ್ಸಿಗೆ ಕುಂಡ್ರತೀವಿ, ಅತ್ತೀನೂ ಬರ್ತಾರ. ನಿನ್ನ ಅಣ್ಣಗ ಬ್ಯಾನಿ ಇನ್ನೂ ಅದಾವ, ಆದರ ಈಗ ನರಳೂದು ಬಿಟ್ಟು ಬೈಯಾಕ ಚಾಲೂ ಮಾಡ್ಯಾನ." ಅವಳು ಗಂಡನನ್ನು ಏಕವಚನದಲ್ಲಿ ಅಂದದ್ದು ಅದೊಂದೇ ಸಲ. ನಾನು ಗಾಜಿಗೆ ಹಣೆ ಹಚ್ಚಿ ನಿಂತೆ. ಆಚೆಯಿಂದ ಈರಣ್ಣನೂ ಹಚ್ಚಿದ.

ಬೆಂಗಳೂರಿನಲ್ಲಿ ಉಳಿದ ಸೂಜಿಗಳಾದವು. ಎಲುಬು ನೋಯುವುದೆಂದರೆ ಒಳಗೆ ಕೆಲಸ ನಡೆದಿದೆ ಎಂದರ್ಥ ಎಂದು ಡಾಕ್ಟರಮ್ಮ ಹೇಳಿ, ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗಿಸಿದರು. ನೋವು ತಡೆಯುವಷ್ಟಕ್ಕೆ ಬಂತು. ಆಮೇಲೆ ಎರಡೂ ಕೈಗೆ ನಳಿಗೆ ಹಾಕಿ ಮಷಿನ್ನಿನ ಪಕ್ಕ ಮಲಗಿಸಿದರು. ತುಟಿ ಜುಮುಜುಮು ಎಂದಾಗ ಸುಣ್ಣದಂಶದ ಗುಳಿಗೆ ಜಗಿಯಲು ಕೊಟ್ಟರಂತೆ. ಮಾತು ಕೊಟ್ಟಂತೆ ವೈನಿ ಬಾಜೂಕೇ ಕುಳಿತು, ಕೈ ಅಲ್ಲಾಡಿಸಬೇಡ್ರಿ ಎಂದು ಗದರಿಸುತ್ತಾ, ಅವನ ಮೂಗು ತುರಿಸಿದಾಗ ತಾನೇ ಕೆರೆದಳು.

ಸಂಜೆ ಡಾಕ್ಟರಮ್ಮ ನನ್ನ ಕೋಣೆಗೆ ಬಂದರು. "ಕೋಶಗಳು ಬಂದಿವೆ, ಆದರೆ ಸಾಲಲ್ಲ. ಇನ್ನೊಂದು ಇಂಜೆಕ್ಷನ್ ಕೊಟ್ಟು ನಾಳೆ ಮತ್ತೆ ತೆಗೀತೀವಿ." ಅಣ್ಣ ಮತ್ತೆ ಒಲ್ಲೆ ಎಂದರೆ? ಫೋನ್ ಹಚ್ಚಿದೆ. ಅವನು ಆರಾಮಾಗಿ ಉಂಡಿ ತಿನ್ನುತ್ತಿದ್ದ. "ಅವಳಿ ಇರಬೇಕು ತಗೋ. ಒಂದು ಇವತ್ತ, ಒಂದು ನಾಳೆ" ಎಂದ. ಅಷ್ಟು ಜೋರಾಗಿ ನಕ್ಕೆನೆಂದರೆ ಸಿಸ್ಟರ್ ಬಂದು, ಏನಾಯಿತೆಂದು ನಾಡಿ ಹಿಡಿದು ನೋಡಿದಳು.

ಮರುದಿನದ್ದು ಸೇರಿ ಸಾಕಾಯಿತು. ಟೊಮೆಟೊ ಸಾರಿನ ಬಣ್ಣದ ಚೀಲ. ಆಪರೇಷನ್ ಇಲ್ಲ, ಏನಿಲ್ಲ, ಸಾದಾ ರಕ್ತ ಏರಿಸಿದ ಹಾಗೆ ಏರಿಸಿದರು. ಇದಕ್ಕಾಗಿಯೇ ಅಷ್ಟೆಲ್ಲ ಹೆದರಿದೆವೇ ಎನ್ನಿಸುವಷ್ಟು ಸಾದಾ. ಅಣ್ಣನ ನೋವು ಸೂಜಿ ನಿಂತ ಮೇಲೆ ತಾನಾಗಿ ಇಳಿದು, ಸ್ವಲ್ಪ ದಿನಕ್ಕೆ ಅವನು ಕ್ವಾರಿಗೆ ಹೋದ. ಕುಂಟನಾಗಲಿಲ್ಲ. ಕೊಡವನ್ನಷ್ಟೇ ಅಲ್ಲ, ಜೋಳದ ಚೀಲವನ್ನೂ ಮೊದಲಿನ ಹಾಗೇ ಎತ್ತುತ್ತಾನೆ.

ನನಗೆ ಕಷ್ಟ ಆಮೇಲೆ ಬಂತು. ಜ್ವರ, ಬಾಯಿಯೆಲ್ಲ ಹುಣ್ಣು, ನೀರು ನುಂಗಿದರೂ ಉರಿ. ದಿನಾ ಬೆಳಿಗ್ಗೆ ರಕ್ತ ನೋಡುವರು, ದಿನಾ ಅದೇ ಉತ್ತರ: ಇನ್ನೂ ಇಲ್ಲ. ಅಣ್ಣನ ಕೋಶಗಳು ನನ್ನ ಎಲುಬಿನ ದಾರಿ ಹುಡುಕುತ್ತಾ ಎಲ್ಲಿ ಅಲೆಯುತ್ತಿವೆಯೋ, ಅವನಿಗೂ ಹೊಸ ಊರಲ್ಲಿ ವಿಳಾಸ ಸಿಗುವುದು ಕಷ್ಟವೇ ಎಂದು ಯೋಚಿಸುತ್ತಾ ಮಲಗಿರುತ್ತಿದ್ದೆ. ಒಂದು ಬೆಳಿಗ್ಗೆ ಡಾಕ್ಟರಮ್ಮ ಮಾಸ್ಕಿನೊಳಗೇ ನಗುತ್ತಾ ಬಂದರು. ಬಿಳಿ ಕಣಗಳು ಹುಟ್ಟಿದ್ದವು. "ಇವು ನಿಮ್ಮಣ್ಣಂದು" ಎಂದರು. ಬೈಯಲಿಕ್ಕೂ ಬಾಯಿ ಬರದಷ್ಟು ಹುಣ್ಣಿದ್ದುದರಿಂದ ಕೈ ಮುಗಿದೆ.

ಬೆಂಗಳೂರಿನಲ್ಲೇ ಬಾಡಿಗೆ ಕೋಣೆಯಲ್ಲಿ ತಿಂಗಳುಗಟ್ಟಲೆ ಇದ್ದು, ಮೇಲಿಂದ ಮೇಲೆ ಪರೀಕ್ಷೆ ಮಾಡಿಸಿಕೊಂಡು, ಅವರು ಹೋಗಿ ಎಂದ ಮೇಲೆ ಇಳಕಲ್ಲಿಗೆ ಬಂದೆವು. ಯಾರ ಹತ್ತಿರವೂ ಹೋಗುವ ಹಾಗಿರಲಿಲ್ಲ. ಅಣ್ಣನ ಮನೆಯ ಕಟ್ಟೆಯ ಮೇಲೆ ಮಾಸ್ಕ್ ಹಾಕಿಕೊಂಡು ಕುಳಿತೆ. ಓಣಿಯ ಮುದುಕಿಯರು ವೈನಿಯ ಅಪ್ಪಣೆಯಂತೆ ಬೀದಿಯ ಆಚೆ ಸಾಲಾಗಿ ನಿಂತರು. ಬ್ಯಾನಿಯ ಕಥೆ ಅಷ್ಟರಲ್ಲಿ ಹುನಗುಂದದವರೆಗೂ ಹೋಗಿತ್ತು. ಅಣ್ಣ ಕ್ವಾರಿಯಿಂದ ಬಂದು ಬಾಗಿಲಲ್ಲಿ ನಿಂತದ್ದೇ ತಡ, ಒಬ್ಬಳು ಕೂಗಿ ಕೇಳಿದಳು.

"ಏನ ಹಡದ್ಯೋ ಮಲ್ಲಪ್ಪಾ?"

ಅಣ್ಣ ಮೀಸೆಯ ಮೇಲೆ ಕೈ ಹಾಕಿ, "ಹೆಣ್ಣ ಐತಿ ಬೇ" ಎಂದ.

"ತೂಕ ಹೆಂಗೈತಿ?"

"ತೂಕ ಭಾಳ ಕಮ್ಮಿ. ದನಿ ಮಾತ್ರ ಜೋರ ಐತಿ ಅಂತಿದ್ರು, ನಾ ಇನ್ನೂ ಕೇಳಿಲ್ಲ."

ನನಗೆ ಬಂತು ಸಿಟ್ಟು. ಈ ದೊಡ್ಡ ಬಾಯಿಯವನಿಗೆ ಬೀದಿಯಲ್ಲೇ ಸರಿಯಾಗಿ ಮಂಗಳಾರತಿ ಮಾಡಬೇಕೆಂದು ಎದ್ದು ನಿಂತು, ಮಾಸ್ಕ್ ಸರಿಸಿ, ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಬೆಂಗಳೂರಿನಲ್ಲಿ ಎಲ್ಲಿ ಅಡಗಿತ್ತೋ ಏನೋ, ಒಮ್ಮೆಲೇ ದೊಡ್ಡ ದನಿ ತೆಗೆದು ಅತ್ತುಬಿಟ್ಟೆ. ಅಣ್ಣ ಗಾಬರಿಯಾದ, ವೈನಿ ಒಳಗಿನಿಂದ ಓಡಿಬಂದಳು.

ಬೀದಿಯ ಆಚೆ ನಿಂತ ಮುದುಕಿ ಮಾತ್ರ ಅಲುಗಲಿಲ್ಲ. ಪಕ್ಕದವಳಿಗೆ ಹೇಳಿದಳು: "ಕೂಸು ಅತ್ತಿತಲ್ಲ, ಇನ್ನ ಚಿಂತಿಲ್ಲ ಬಿಡು."